ಎಕ್ಸ್‌ಪ್ರೆಸ್ ಮೇಡಂ ಕಾಲೇಜು ಹುಡುಕಿದ್ದು

ಕೋರ್ಟಿನ ಮೂರನೇ ಹಾಲ್‌ನಲ್ಲಿ, ಸಾಹೇಬರ ಪೀಠದ ಕೆಳಗಿನ ಮೇಜಿನ ಹಿಂದೆ ಇಪ್ಪತ್ತೊಂದು ವರ್ಷ ಕೂತು ಶೀಘ್ರಲಿಪಿ ಬರೆದ ಹೆಂಗಸಿಗೆ ವಕೀಲರು ಇಟ್ಟ ಹೆಸರು ಎಕ್ಸ್‌ಪ್ರೆಸ್ ಮೇಡಂ. ನಿಮಿಷಕ್ಕೆ ನೂರನಲವತ್ತು ಪದ ಬರೆಯುವವರು ಪಕ್ಕದ ಕೋರ್ಟ್ ಹಾಲ್‌ಗಳಲ್ಲೂ ಇದ್ದರು. ಅವರೆಲ್ಲ ಮಾತಿನ ಹಿಂದೆ ಓಡುತ್ತಿದ್ದರು. ಈಕೆ ಮುಂದೆ ಓಡುತ್ತಿದ್ದರು. ಸಾಕ್ಷಿ ಕಟಕಟೆಯಲ್ಲಿ ವಾಕ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಇವರ ಪುಸ್ತಕದಲ್ಲಿ ವಾಕ್ಯ ಮುಗಿದು, ಪೂರ್ಣವಿರಾಮ ಬಿದ್ದು, ಪೆನ್ಸಿಲ್ ಮುಂದಿನ ಸಾಲಿಗೆ ಬಂದು ನಿಂತಿರುತ್ತಿತ್ತು.

ಇದರಲ್ಲಿ ಮಾಟಮಂತ್ರ ಏನೂ ಇರಲಿಲ್ಲ. ಕೋರ್ಟಿಗೆ ಬಂದು ನಿಂತ ಮನುಷ್ಯ ಹೇಳುವ ಮಾತು ಹೆಚ್ಚೆಂದರೆ ನಲವತ್ತು ಬಗೆ. "ನನಗೆ ನೆನಪಿಲ್ಲ" ಎಂಬುದಕ್ಕೆ ಮೇಡಂ ಒಂದೇ ಒಂದು ಗೀಟು ಮಾಡಿಕೊಂಡಿದ್ದರು. "ನಾನು ಆಗ ಅಲ್ಲಿರಲಿಲ್ಲ" ಎಂಬುದಕ್ಕೆ ಅದೇ ಗೀಟಿಗೊಂದು ಚುಕ್ಕೆ. ಸಾಕ್ಷಿ ಗಂಟಲು ಸರಿಮಾಡಿಕೊಳ್ಳುವ ಸದ್ದಿನಲ್ಲೇ ಚುಕ್ಕೆ ಬೇಕೋ ಬೇಡವೋ ಅವರಿಗೆ ಗೊತ್ತಾಗುತ್ತಿತ್ತು. "ತೀರ್ಪನ್ನೂ ನೀವೇ ಬರೆದುಬಿಡಿ ಮೇಡಂ, ನಾನು ಸಹಿ ಹಾಕ್ತೀನಿ" ಎಂದು ಒಬ್ಬ ಸಾಹೇಬರು ಒಮ್ಮೆ ತಮಾಷೆ ಮಾಡಿದ್ದರು. ಅದು ತಮಾಷೆ ಎಂದು ತಿಳಿಯದೆ ಮೇಡಂ ಎರಡು ದಿನ ಯೋಚನೆ ಮಾಡಿದರು.

ಇಂಥವರು ನಲವತ್ತಮೂರನೇ ವಯಸ್ಸಿನಲ್ಲಿ, ಮಾತು ತಡವರಿಸುವವರಿಗೆ ಚಿಕಿತ್ಸೆ ಕೊಡುವ ಸ್ಪೀಚ್ ಥೆರಪಿ ಓದಲು ಹೊರಟರು ಎಂದರೆ ಅದಕ್ಕೆ ಕಾರಣ ಒಂದು ಬೀರು.

ಬೀರು ಯಾರದೋ ಮನೆಯ ಮೂರನೇ ಮಹಡಿಯಲ್ಲಿತ್ತು. ಆ ಮನೆಯವರು ಮನೆ ಬದಲಾಯಿಸುತ್ತಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಬೀರು ಹಿಡಿಸಲಿಲ್ಲ, ಹಾಗಾಗಿ ಸಾಮಾನು ಸಾಗಿಸುವ ಕಂಪನಿಯವರು ಅದಕ್ಕೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಇಳಿಸಿದರು. ಕೆಳಗೆ ನಿಂತು ಮೇಲಿನವರಿಗೆ ಕೂಗಿ ಹೇಳುವ ಕೆಲಸ ಒಬ್ಬ ಹಮಾಲಿಯದು. ಬೀರು ಎರಡನೇ ಮಹಡಿಗೆ ಬಂದಾಗ ಅವನು ಕೂಗಿದ, ಮೇಲಿನವರು ಹಗ್ಗ ಬಿಟ್ಟರು, ಬೀರು ಹೋಗಿ ಆಗಲೇ ಇಳಿಸಿಟ್ಟಿದ್ದ ಡ್ರೆಸ್ಸಿಂಗ್ ಟೇಬಲ್ ಮೇಲೆ ಕೂತಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮನೆಯವರು ಕಂಪನಿಯ ಮೇಲೆ ದಾವೆ ಹಾಕಿದರು. ಕಂಪನಿಯವರು ಎಲ್ಲವನ್ನೂ ಹಮಾಲಿಯ ತಲೆಗೆ ಕಟ್ಟಿದರು: ಬಿಡಿ ಎಂದವನೇ ಅವನು ಎಂದರು.

ಹಮಾಲಿಗೆ ಉಗ್ಗು ಇತ್ತು. ಕಟಕಟೆಯಲ್ಲಿ ನಿಂತು "ನಾನು ಹಗ್ಗ ಬಿಡ್... ಬಿಡ್... ಬಿಡ್..." ಎಂದ. ಊಟದ ಹೊತ್ತು. ಸಾಹೇಬರು ಗಡಿಯಾರ ನೋಡಿದರು, ವಕೀಲರು ಸಾಹೇಬರನ್ನು ನೋಡಿದರು. ಮೇಡಂ ಯಾರನ್ನೂ ನೋಡಲಿಲ್ಲ. "ನಾನು ಹಗ್ಗ ಬಿಡಿ ಎಂದು ಕೂಗಿದೆ" ಎಂಬ ಸಾಲು ಅವರ ಪುಟದಲ್ಲಿ ಬಿದ್ದು ಅರ್ಧ ನಿಮಿಷವಾಗಿತ್ತು. ಬರೆದದ್ದನ್ನು ಸಾಕ್ಷಿಗೆ ಓದಿ ಹೇಳುವುದು ಕ್ರಮ. ಓದಿದರು. "ಸರಿ ಇದೆಯಾ?" ಎಂದರು. ಆತ ಕುತ್ತಿಗೆಯ ನರ ಉಬ್ಬಿಸಿ "ಸರಿ... ಸರಿ..." ಎಂದ. "ಓದಿ ಹೇಳಲಾಯಿತು, ಸರಿಯಿದೆ ಎಂದು ಒಪ್ಪಿದರು" ಎಂದು ಬರೆದು ಮೇಡಂ ಪುಸ್ತಕ ಮುಚ್ಚಿದರು. ತೋರಿಸಿದ ಕಡೆ ಆತ ಸಹಿ ಹಾಕಿ ಇಳಿದು ಹೋದ.

ಮೂರು ವಾರದ ನಂತರ ನಕಲು ವಿಭಾಗದ ಕಿಟಕಿಯ ಹತ್ತಿರ ಮೇಡಂಗೆ ಅವನೇ ಎದುರಾದ. ಕೈಯಲ್ಲಿ ತನ್ನ ಹೇಳಿಕೆಯ ನಕಲು. ಬಾಯಿ ತೆರೆದು "ಮೇ... ಮೇ..." ಎಂದ. "ಇನ್ನೊಂದು ಕಾಪಿ ಬೇಕಾ? ಅರ್ಜಿ ಎರಡನೇ ಕೌಂಟರಲ್ಲಿ" ಎಂದರು ಮೇಡಂ. ಅವನು ಅಲ್ಲವೆಂದು ತಲೆಯಾಡಿಸಿ, ಅವರ ಕೈಯ ಪೆನ್ಸಿಲ್ ಇಸಿದುಕೊಂಡು, "ಬಿಡಿ" ಎಂಬುದರ ಮೇಲೆ ಗೀಟೆಳೆದು "ಬಿಡಬೇಡಿ" ಎಂದು ಬರೆದ. ಎರಡು ಸಾಲು ಕೆಳಗೆ "ಸರಿಯಿದೆ" ಎಂಬುದಕ್ಕೆ ಗೀಟೆಳೆದು "ಸರಿಯಿಲ್ಲ" ಎಂದು ಬರೆದ. ಪೆನ್ಸಿಲ್ ವಾಪಸು ಕೊಟ್ಟ.

ನಮ್ಮ ಭಾಷೆಯಲ್ಲಿ ಇದೊಂದು ಪೇಚು. ಬೇಡ, ಇಲ್ಲ, ಅಲ್ಲ, ಆಗದು ಎಲ್ಲವೂ ಮಾತಿನ ಬಾಲದಲ್ಲಿರುತ್ತವೆ. ಬಾಲ ಬರುವ ಮುಂಚೆ ಎದ್ದು ಹೋದವರಿಗೆ ಊರೆಲ್ಲ ಎಲ್ಲದಕ್ಕೂ ಒಪ್ಪಿದ ಹಾಗೇ ಕೇಳಿಸುತ್ತದೆ. ಇಪ್ಪತ್ತೊಂದು ವರ್ಷದಲ್ಲಿ ಇನ್ನೆಷ್ಟು ಬಾಲ ಕತ್ತರಿಸಿದ್ದೇನೋ ಎಂದು ಮೇಡಂ ಲೆಕ್ಕ ಹಾಕತೊಡಗಿದರು.

"ಮೇ... ಮೇಲಿದ್ದವರೂ ಇ... ಇಷ್ಟೇ ಕೇಳಿಸ್ಕೊಂಡ್ರು," ಎಂದ ಅವನು. ಇಷ್ಟು ಹೇಳಲು ಅವನಿಗೆ ಒಂದು ನಿಮಿಷ ಹಿಡಿಯಿತು. ಆ ಹೇಳಿಕೆಯ ಬಲದ ಮೇಲೆ ಕಂಪನಿಯವರು ಅವನನ್ನು ಕೆಲಸದಿಂದ ತೆಗೆದಿದ್ದರು.

ಮೇಡಂ ಅಂದೇ ತಪ್ಪು ನನ್ನದು ಎಂದು ಸಾಹೇಬರಿಗೆ ಬರೆದುಕೊಟ್ಟರು. ಸಾಹೇಬರು ಹಮಾಲಿಯನ್ನು ಮತ್ತೆ ಕರೆಸಿದರು. ಈ ಸಲ ಅವನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಕೊಟ್ಟರು, ಒಟ್ಟು ಇಪ್ಪತ್ತು ನಿಮಿಷವಾಯಿತು. ಅಷ್ಟರಲ್ಲಿ ಅವನು ಹೇಳಿದ್ದು ಹನ್ನೊಂದು ವಾಕ್ಯ. ಅದರಲ್ಲಿ ಆರು ವಾಕ್ಯ ಮೇಡಂ ಮನಸ್ಸಿನಲ್ಲೇ ಮುಗಿಸಿದ್ದಂತೆ ಮುಗಿಯಲಿಲ್ಲ. ದಾಖಲೆ ತಿದ್ದಿದರು. ಕಂಪನಿಯವರು ಅವನನ್ನು ಮತ್ತೆ ಸೇರಿಸಿಕೊಂಡರು, ಹಗ್ಗದ ಹತ್ತಿರ ಮಾತ್ರ ಬಿಡಲಿಲ್ಲ. ಮೇಡಂಗೆ ಒಂದು ಮೆಮೊ ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ತಲೆ ಎತ್ತಿ ಓಡಾಡಲು ಒಂದು ವಾರ ಬೇಕಾಯಿತು. ಎರಡನೇ ಹೇಳಿಕೆ ಮುಗಿದ ದಿನ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಹಮಾಲಿಯೇ ಹೇಳಿದ್ದ, ಪ್ರತಿ ಬುಧವಾರ ಒಂದು ಕಡೆ ಸ್ಪೀಚ್ ಥೆರಪಿಗೆ ಹೋಗುತ್ತೇನೆ, ಅಲ್ಲಿ ಓದುವವರೇ ನಮಗೆ ಹೇಳಿಕೊಡುತ್ತಾರೆ ಎಂದು. ವಿಳಾಸವನ್ನೂ ಕೊಟ್ಟಿದ್ದ.

"ನಾನು ಅದನ್ನ ಓದ್ತೀನಿ" ಎಂದು ಮೇಡಂ ಮನೆಯಲ್ಲಿ ಹೇಳಿದರು. ಮನೆಯೆಂದರೆ ಇಬ್ಬರು. ಯಜಮಾನರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವರು. ಮಗಳಿಗೆ ಹದಿನಾರು, ಜಗತ್ತನ್ನು ಸಹಿಸಿಕೊಂಡು ಬದುಕುತ್ತಿದ್ದಳು.

"ಅಮ್ಮ, ಅಲ್ಲಿ ಬೇರೆಯವರು ಮಾತಾಡೋವರೆಗೂ ಕಾಯ್ಬೇಕಂತೆ," ಎಂದಳು ಮಗಳು. "ಗೊತ್ತಿದೆಯಾ?"

"ಗೊತ್ತು."

"ಸುಮ್ನೆ ಕೇಳ್ದೆ."

ಆದರೂ ಕಂಪ್ಯೂಟರ್ ಮುಂದೆ ಕೂತು ಒಂದು ಪಟ್ಟಿ ಮಾಡಿಕೊಟ್ಟವಳು ಅವಳೇ. ಎಷ್ಟು ವರ್ಷ, ಎಷ್ಟು ದೂರ, ಯಾವ ಪದವಿಯವರನ್ನು ಸೇರಿಸಿಕೊಳ್ಳುತ್ತಾರೆ, ರೋಗಿಗಳನ್ನು ನೋಡಲು ಯಾವಾಗಿನಿಂದ ಬಿಡುತ್ತಾರೆ. ಮೇಡಂ ಓದಿದ್ದು ವಾಣಿಜ್ಯ. ಆ ಪದವಿ ನೋಡಿ ಅರ್ಧ ಪಟ್ಟಿ ಬಾಗಿಲು ಹಾಕಿಕೊಂಡಿತು. ವಯಸ್ಸು ನೋಡಿ ಇನ್ನಷ್ಟು. ಕೊನೆಗೆ ಉಳಿದದ್ದು ಮೂರು.

ಮೊದಲನೆಯದು ಹದಿನಾಲ್ಕು ತಿಂಗಳದ್ದು, ಪೂರ್ತಿ ಕಂಪ್ಯೂಟರ್ ಪರದೆಯ ಮೇಲೆ. ಕೆಲಸ ಬಿಡಬೇಕಾಗಿಲ್ಲ. ಅರ್ಜಿ ಕಳಿಸಿದ ನಾಲ್ಕನೇ ನಿಮಿಷಕ್ಕೆ "ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ" ಎಂದು ಉತ್ತರ ಬಂತು. ಮೇಡಂ ಇನ್ನೂ ಪದವಿ ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡುತ್ತಿದ್ದರು. ಐದನೇ ನಿಮಿಷಕ್ಕೆ ಫೋನ್. ಆ ಕಡೆಯ ಹುಡುಗಿ ನಿಮಿಷಕ್ಕೆ ನೂರಅರವತ್ತು ಪದದ ವೇಗದಲ್ಲಿ ಮಾತಾಡಿದಳು, ಅದೂ ಸಾಲದೆ ಮೇಡಂ ಶುರು ಮಾಡಿದ ಪ್ರಶ್ನೆಗಳನ್ನೆಲ್ಲ ತಾನೇ ಮುಗಿಸಿದಳು. ಮೇಡಂಗೆ ಅವಳು ತುಂಬಾ ಹಿಡಿಸಿದಳು. "ರೋಗಿಗಳ ಜೊತೆ ಅಭ್ಯಾಸ..." ಎಂದು ಮೇಡಂ ಅನ್ನುವಷ್ಟರಲ್ಲಿ, "ಅದನ್ನ ನೀವೇ ನಿಮ್ಮ ಹತ್ರದಲ್ಲೇ ಎಲ್ಲಾದ್ರೂ ಹೊಂದಿಸ್ಕೊಳ್ಳಿ ಮೇಡಂ, ನಾವು ಅಡ್ಡ ಬರಲ್ಲ," ಎಂದಳು.

ಎರಡನೆಯದು ದೊಡ್ಡ ಹೆಸರಿನ ವಿಶ್ವವಿದ್ಯಾಲಯ. ಕಟ್ಟಡದ ಮೆಟ್ಟಿಲು ಹತ್ತುವಾಗಲೇ ಮನುಷ್ಯನಿಗೆ ತಾನು ಇಲ್ಲಿಗೆ ಸಲ್ಲುವವನಲ್ಲ ಅನ್ನಿಸಬೇಕು, ಹಾಗೆ ಕಟ್ಟಿದ್ದರು. ಹಿಂದೆ ತಮಗೆ ಪಾಠ ಮಾಡಿದ ಇಬ್ಬರು ಮೇಷ್ಟ್ರ ಶಿಫಾರಸು ಪತ್ರ ತರಲು ಅಲ್ಲಿ ಹೇಳಿದರು. ಮೇಡಂಗೆ ಪಾಠ ಮಾಡಿದವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು. ಬದುಕಿದ್ದ ಇಬ್ಬರಲ್ಲಿ ಒಬ್ಬರು ಮರೆವಿನ ಔಷಧಿ ತೆಗೆದುಕೊಳ್ಳುತ್ತಿದ್ದರೂ ಬಹಳ ಒಳ್ಳೆಯ ಪತ್ರ ಕೊಟ್ಟರು. ಇನ್ನೊಬ್ಬರು ನೆನಪು ಚೆನ್ನಾಗಿದ್ದವರು, "ಸಾಧಾರಣ ವಿದ್ಯಾರ್ಥಿನಿ" ಎಂದು ಬರೆದರು.

ಸಂದರ್ಶನಕ್ಕೆ ಐದು ಜನ ಕೂತಿದ್ದರು. "ಈ ವಯಸ್ಸಿನಲ್ಲಿ ಈ ಕ್ಷೇತ್ರವೇ ಯಾಕೆ? ಮನೆಯಲ್ಲಿ ಯಾರಿಗಾದರೂ..." ಎಂದು ಮಧ್ಯದವರು ನಿಲ್ಲಿಸಿದರು. ಐವರೂ ಮುಖದಲ್ಲಿ ಕನಿಕರ ಸಿದ್ಧಮಾಡಿಕೊಂಡಿದ್ದರು.

"ಇಲ್ಲ ಸರ್. ನಮ್ಮನೇಲಿ ಎಲ್ಲರಿಗೂ ಮಾತು ಚೆನ್ನಾಗಿ ಬರುತ್ತೆ."

ಐವರಿಗೂ ನಿರಾಸೆಯಾಯಿತು. ಮುಂದಿನ ಎರಡು ಪ್ರಶ್ನೆಗಳಿಗೆ ಅವರು ಕೇಳುವ ಮೊದಲೇ ಮೇಡಂ ಉತ್ತರಿಸಿದರು, ಅದರಲ್ಲಿ ಒಂದು ಪ್ರಶ್ನೆಯನ್ನು ಅವರು ಕೇಳುವವರೇ ಇರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಹನ್ನೊಂದನೇ ಹೆಸರು ಎಂದು ಪತ್ರ ಬಂತು. ಹೋದ ವರ್ಷ ಆ ಪಟ್ಟಿಯಲ್ಲಿ ಎರಡನೆಯವರವರೆಗೆ ಮಾತ್ರ ಕರೆದಿದ್ದರಂತೆ.

ಮೂರನೆಯದು ಹಮಾಲಿ ಹೇಳಿದ ಜಾಗ. ಚಪ್ಪಲಿ ಅಂಗಡಿಯ ಮೇಲೆ ಎರಡು ಮಹಡಿ. ಮೆಟ್ಟಿಲಿನುದ್ದಕ್ಕೂ ಹೊಸ ರಬ್ಬರಿನ ವಾಸನೆ. ಇಲ್ಲಿ ಒಟ್ಟು ಮೂರು ವರ್ಷ, ದಿನವೂ ಹಗಲು ಹೊತ್ತು. ಬೇರೆ ವಿಷಯ ಓದಿ ಬಂದವರು ಮೊದಲ ವರ್ಷ ಕಿವಿ, ಗಂಟಲು, ನಾಲಿಗೆ, ಮೆದುಳು, ಒಂದಿಷ್ಟು ಸಂಖ್ಯಾಶಾಸ್ತ್ರ ಓದಿ, ಆಮೇಲೆ ಎರಡು ವರ್ಷದ ಸ್ನಾತಕೋತ್ತರಕ್ಕೆ ಹೋಗಬೇಕು. ಅಂದರೆ ಕೋರ್ಟಿನ ಕೆಲಸ ಬಿಡಲೇಬೇಕು, ಮುಗಿಯುವಷ್ಟರಲ್ಲಿ ನಲವತ್ತಾರು. ವಿಭಾಗದ ಮುಖ್ಯಸ್ಥೆ ಅರವತ್ತರ ಹತ್ತಿರದ, ಸ್ವೆಟರಿನ ತೋಳು ಮಡಿಚಿಕೊಂಡ ಹೆಂಗಸು. ಯಾಕೆ ಓದಬೇಕು ಎಂದು ಕೇಳಲೇ ಇಲ್ಲ. ಅದಕ್ಕೆ ಮೇಡಂ ಮೂರು ಪುಟ ಸಿದ್ಧಮಾಡಿಕೊಂಡು ಹೋಗಿದ್ದರು.

"ಆ ಕೋಣೇಲಿ ಒಬ್ಬರು ಕೂತಿದಾರೆ," ಎಂದರು ಮುಖ್ಯಸ್ಥೆ. "ಹೊಲಿಗೆ ಕೆಲಸದವರು. ಸ್ಟ್ರೋಕ್ ಆಗಿ ಆರು ತಿಂಗಳಾಯ್ತು, ಪದಗಳು ಬೇಗ ಕೈಗೆ ಸಿಗಲ್ಲ. ಹತ್ತು ನಿಮಿಷ ಅವರ ಜೊತೆ ಕೂತ್ಕೊಳ್ಳಿ. ಅವರ ಮಾತು ಅವರೇ ಮುಗಿಸ್ಬೇಕು. ಅಷ್ಟೇ ಪರೀಕ್ಷೆ."

ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕನ್ನಡಿ. ಹೊಲಿಗೆಯಮ್ಮ ಬೂದು ಬಣ್ಣದ ಸೀರೆಯ ನೆರಿಗೆ ಸರಿಮಾಡಿಕೊಂಡು, ಬಹಳ ಹುರುಪಿನಿಂದ ಶುರು ಮಾಡಿದರು. "ನಾನು... ಮೊಮ್ಮಗಳಿಗೆ... ಒಂದು... ಒಂದು..." ಎರಡೂ ಕೈಯಲ್ಲಿ ಗಾಳಿಯಲ್ಲಿ ಸಣ್ಣ ತೋಳು, ಅಗಲ ಘೇರು ಬರೆದರು. "ಒಂದು..." ಎಂದರು. ತುಟಿ ಒತ್ತಿ ಹಿಡಿದರು. ಮೇಡಂ ಹತ್ತು ಸೆಕೆಂಡು ತಡೆದರು, ಅವರ ಮಟ್ಟಿಗೆ ಅದು ದಾಖಲೆ.

"ಫ್ರಾಕ್," ಎಂದರು.

ಹೊಲಿಗೆಯಮ್ಮ ತಲೆಯಾಡಿಸಿದರು. ನಕ್ಕರು. "ಹೂಂ," ಎಂದರು. ಆಮೇಲೆ ಕೈ ಮಡಿಲಲ್ಲಿಟ್ಟು ಕೂತರು. ಮೇಡಂ ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ "ಹೂಂ." ಉಳಿದ ಒಂಬತ್ತು ನಿಮಿಷ ಕೆಳಗೆ ಅಂಗಡಿಯಲ್ಲಿ ಪೆಟ್ಟಿಗೆ ತೆಗೆದು ಹಾಕುವ ಸದ್ದು ಕೇಳುತ್ತಾ ಇಬ್ಬರೂ ಕೂತಿದ್ದರು.

ಹೊರಗೆ ಬಂದಾಗ ಮುಖ್ಯಸ್ಥೆ ಕೇಳಿದರು, "ನೀವು ಹೇಳಿದ ಪದ ಸರಿನಾ, ತಪ್ಪಾ?"

"ಸರಿ."

"ತಪ್ಪಾಗಿದ್ರೆ ಅವರು ಅಲ್ಲ ಅಂತ ಹೇಳೋಕಾದ್ರೂ ಬಾಯಿ ಬಿಡ್ತಿದ್ರು. ಆ ಒಂದು ಪದಕ್ಕೆ ಬೆಳಗ್ಗೆಯಿಂದ ತಯಾರಾಗ್ತಿದ್ರು. ಹೊಸಬರು ಬರ್ತಾರೆ, ಹೇಳ್ಬೇಕು ಅಂತ."

ಮೇಡಂ ಮುಖ ಹುಳ್ಳಗಾಯಿತು. "ಹಾಗಾದ್ರೆ ನನಗೆ ಸೀಟು..." ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡು ಸುಮ್ಮನಾದರು. ಮುಖ್ಯಸ್ಥೆ ಏನೂ ಸಹಾಯ ಮಾಡಲಿಲ್ಲ. ಮೇಡಂ ಮುಗಿಸಲೇ ಬೇಕಾಯಿತು. "...ಇದೆಯಾ?"

"ಇದೆ. ಹದಿನೈದನೇ ತಾರೀಕಿನೊಳಗೆ ಹೇಳಿ. ಬಂದ್ರೆ ಮೊದಲ ಆರು ತಿಂಗಳು ಮೂಲೇಲಿ ಕೂತು ನೋಡೋದು, ಬಾಯಿ ತೆಗೆಯೋ ಹಾಗಿಲ್ಲ. ಆಮೇಲೂ ಕಾಯೋದು ಬರ್ಲಿಲ್ಲ ಅಂದ್ರೆ ನಾನೇ ವಾಪಸು ಕಳಿಸ್ತೀನಿ. ಮೂರು ಜನರನ್ನ ಕಳಿಸಿದೀನಿ."

ಮನೆಯಲ್ಲಿ ಪಟ್ಟಿ ಮೇಜಿನ ಮೇಲೆ ಎರಡು ವಾರ ಬಿದ್ದಿತ್ತು. ಎರಡನೆಯದರ ಮೇಲೆ ಮಗಳು ತಾನೇ ಗೀಟೆಳೆದಿದ್ದಳು. ಉಳಿದವೆರಡು. ಒಂದರಲ್ಲಿ ಕೆಲಸ ಉಳಿಯುತ್ತದೆ, ಹದಿನಾಲ್ಕು ತಿಂಗಳಿಗೆ ಪ್ರಮಾಣಪತ್ರ ಕೈಗೆ ಬರುತ್ತದೆ, ಕಾಯುವುದನ್ನು ಯಾರೂ ಕೇಳುವುದಿಲ್ಲ. ಇನ್ನೊಂದರಲ್ಲಿ ಕೆಲಸ ಹೋಗುತ್ತದೆ, ಕಾಯುವುದು ಬರದಿದ್ದರೆ ಆರು ತಿಂಗಳಿಗೆ ಅದೂ ಇಲ್ಲ, ಇದೂ ಇಲ್ಲ. ಮೇಡಂಗೆ ಹೆದರಿಕೆಯಾಗಿತ್ತು. ವೇಗ ಒಂದನ್ನು ಬಿಟ್ಟರೆ ತನ್ನಲ್ಲಿ ಏನಿದೆ ಎಂದು ಹುಡುಕಿದರೆ ಕೈಗೆ ಏನೂ ಸಿಗುತ್ತಿರಲಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದೇನೋ ಎಂದು ಒಂದು ದಿನ ಕೋರ್ಟಿನಲ್ಲಿ ಕಾಯುವ ಪ್ರಯೋಗ ಮಾಡಿದರು. ಸಾಕ್ಷಿಯ ವಾಕ್ಯ ಪೂರ್ತಿ ಮುಗಿದ ಮೇಲೆಯೇ ಪೆನ್ಸಿಲ್ ಇಳಿಸುವುದು. ಹನ್ನೊಂದೂವರೆಗೆ ಒಂದು ಪುಟ ಹಿಂದೆ ಬಿದ್ದರು. ಹನ್ನೆರಡಕ್ಕೆ ಸಾಹೇಬರು ಬಗ್ಗಿ "ಹುಷಾರಿಲ್ವಾ ಮೇಡಂ?" ಎಂದರು. ಮಧ್ಯಾಹ್ನ ಮೇಡಂ ಮತ್ತೆ ಎಕ್ಸ್‌ಪ್ರೆಸ್ ಆದರು. ಆ ಮೇಜಿನ ಹಿಂದೆ ಕೂತು ಕಾಯುವುದನ್ನು ಕಲಿಯಲಾಗುವುದಿಲ್ಲ ಎಂದು ಅವರಿಗೆ ಸ್ಪಷ್ಟವಾಯಿತು.

ಹದಿನಾಲ್ಕನೇ ತಾರೀಕು ಭಾನುವಾರ. ಮಧ್ಯಾಹ್ನ ಅಡುಗೆಮನೆಯಲ್ಲಿ ಯಜಮಾನರು ಬಟಾಣಿ ಸುಲಿಯುತ್ತಿದ್ದರು. ಮೇಡಂ ಎದುರು ಕೂತು ಎಲ್ಲವನ್ನೂ ಹೇಳಿದರು: ಹದಿನಾಲ್ಕು ತಿಂಗಳದ್ದು ಹೀಗೆ, ಮೂರು ವರ್ಷದ್ದು ಹೀಗೆ, ನನಗೆ ಮನಸ್ಸಿರುವುದು ಮೂರು ವರ್ಷದ್ದರ ಮೇಲೆ. "ನೀವೇನಂತೀರಿ?"

ಯಜಮಾನರು ಒಂದು ಕಾಯಿ ಬಿಡಿಸಿ ಕಾಳು ಬಟ್ಟಲಿಗೆ ಹಾಕಿದರು. "ನೀನು ಕೆಲಸ ಬಿಟ್ಟು ಅಲ್ಲಿಗೆ ಹೋಗೋದು ನನಗೆ ಇಷ್ಟ..."

"ಅಂತ ನನಗೆ ಗೊತ್ತಿತ್ತು ರೀ" ಎಂಬುದು ಮೇಡಂ ನಾಲಿಗೆಯ ತುದಿಗೆ ಬಂತು. ಬಾಯಿ ಮುಚ್ಚಿ ಹಿಡಿದರು. ಯಜಮಾನರು ಎಂದಿನಂತೆ ಅಲ್ಲಿಗೆ ನಿಲ್ಲಿಸಿ ಇನ್ನೊಂದು ಕಾಯಿ ಕೈಗೆತ್ತಿಕೊಂಡರು. ಹೆಂಡತಿಯಿಂದ ಏನೂ ಬರಲಿಲ್ಲ. ತಲೆ ಎತ್ತಿ ನೋಡಿದರು. ಮೇಡಂ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ನೀರು ಕುಡಿಯಲು ಬಂದ ಮಗಳು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ, ಜಗಳ ಎಂದುಕೊಂಡು ನೀರು ಕುಡಿಯದೆ ಹೋದಳು.

"...ಇಲ್ಲ," ಎಂದರು ಯಜಮಾನರು.

ಮೇಡಂ ಆಗಲೂ ಏನೂ ಅನ್ನಲಿಲ್ಲ. ಎದುರಿಗೆ ದಾರಿ ಖಾಲಿ ಇರುವುದನ್ನು ಕಂಡು ಯಜಮಾನರು ಮೆಲ್ಲಗೆ ಮುಂದುವರಿದರು. "ಮಧ್ಯಾಹ್ನ ಇಬ್ರೂ ಫೋನಲ್ಲಿ ಮಾತಾಡ್ತೀವಲ್ಲ, ಅದು ಇರಲ್ಲ ಇನ್ಮೇಲೆ. ಅದಕ್ಕೆ." ಒಂದು ಕಾಯಿ ಸುಲಿದರು. "ಈ ಗೋಡೆಗೆ ಹಸಿರು ಬಣ್ಣ ಹೊಡ್ಸಿದ್ದೂ ನನಗೆ ಇಷ್ಟ ಇರ್ಲಿಲ್ಲ. ಹನ್ನೊಂದು ವರ್ಷ ಆಯ್ತು." ಇನ್ನೊಂದು ಕಾಯಿ. "ಅಂಗಡಿ ನಂದೇ ಒಂದು ಹಾಕ್ಬೇಕು ಅಂತಿತ್ತು. ಇರೋ ಕೆಲಸ ಸಾಕಾ... ಅನ್ನೋಷ್ಟರಲ್ಲಿ ನೀನು, 'ಇರೋ ಕೆಲಸಾನೇ ಸಾಕು ಅಂತೀರಲ್ಲ, ಒಳ್ಳೇದಾಯ್ತು' ಅಂದೆ. ನಾನು ಸಾಕು ಅನ್ನೋಕೆ ಹೋಗಿರ್ಲಿಲ್ಲ. ಸಾಕಾಗಿದೆ ಅನ್ನೋಕೆ ಹೋಗಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಕನ್ನಡಕದ ಅಳತೆ ಓದಿ ಹೇಳುವ ಹಾಗೆ ಹೇಳಿದರು. ಹದಿನೆಂಟು ವರ್ಷ ಜೊತೆಗೆ ಬಾಳಿದ ಮನುಷ್ಯನ ಬಾಯಿಯಿಂದ ಇಷ್ಟು ಉದ್ದದ ಮಾತನ್ನು ಮೇಡಂ ಕೇಳಿದ್ದು ಅದೇ ಮೊದಲು.

"ಮತ್ತೆ ಯಾಕ್ರೀ ಒಂದು ಸಲಾನೂ ಹೇಳ್ಲಿಲ್ಲ?"

ಯಜಮಾನರು ನಿಜವಾಗಿಯೂ ಯೋಚನೆ ಮಾಡಿದರು. "ಪ್ರತಿ ಸಲಾನೂ ಶುರು ಮಾಡ್ತಿದ್ದೆ," ಎಂದರು.

ಮೇಡಂ ಅತ್ತರು. ಸದ್ದಿಲ್ಲದೆ, ಬಹಳ ಹೊತ್ತು ಅತ್ತರು. ಯಜಮಾನರು ಬಟ್ಟಲನ್ನು ಅತ್ತ ಸರಿಸಿ ಕೂತರು. ಕೊನೆಗೆ ಮೇಡಂ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಆಯ್ತು, ಬಿಟ್ಬಿಡ್ತೀನಿ. ಹೋಗಲ್ಲ," ಎಂದರು.

"ನೋಡು, ಮತ್ತೆ," ಎಂದರು ಯಜಮಾನರು. "ಇಷ್ಟ ಇಲ್ಲ ಅಂದೆ. ಬೇಡ ಅನ್ಲಿಲ್ಲ."

ಸೋಮವಾರ ಬೆಳಗ್ಗೆ ಹತ್ತಕ್ಕೆ, ಕೋರ್ಟಿನ ವರಾಂಡದ ಕೊನೆಯ ಕಂಬದ ಹತ್ತಿರ ನಿಂತು ಮೇಡಂ ಚಪ್ಪಲಿ ಅಂಗಡಿಯ ಮೇಲಿನ ನಂಬರಿಗೆ ಫೋನ್ ಮಾಡಿದರು. ಸೇರುತ್ತೇನೆ ಎಂದರು. ಮುಖ್ಯಸ್ಥೆ ಹೆಸರು ಬರೆದುಕೊಂಡರು, ಒಂದನೇ ತಾರೀಕು ಒಂಬತ್ತು ಗಂಟೆಗೆ ಬರಲು ಹೇಳಿದರು. ಆಮೇಲೆ, ಇಂಥ ವಯಸ್ಸಿನಲ್ಲಿ ಸೇರುವ ಎಲ್ಲರನ್ನೂ ಕೇಳುವಂತೆ ಕೇಳಿದರು, "ಮನೇಲಿ ಒಪ್ಪಿದಾರಾ?"

"ಇಲ್ಲ ಮೇಡಂ, ಅವರಿಗೆ ಇಷ್ಟ ಇಲ್ಲ," ಎಂದರು ಎಕ್ಸ್‌ಪ್ರೆಸ್ ಮೇಡಂ. ಅವರ ದನಿಯಲ್ಲಿ ಹೆಮ್ಮೆ ತಡೆಯಲಾಗುತ್ತಿರಲಿಲ್ಲ. "ಅವರೇ ಪೂರ್ತಿ ಹೇಳಿದ್ರು."